ಐರಾವತಿಯನ್ನು ದಾಟಿದ ಸೈನ್ಯ: ಸ್ಲಿಮ್ ಅವರ ಯುದ್ಧವೃತ್ತಾಂತದ ಒಂದು ವಿಮರ್ಶೆ

೧

ಯುದ್ಧದ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ನದಿಯನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾರೆ. ಸೈನ್ಯವು ಮರುದಿನ ನದಿಯನ್ನು ದಾಟಿ ಶತ್ರುವಿನ ಮೇಲೆ ಬಿದ್ದಿತು ಎಂಬ ಮಾತು ನಮ್ಮ ಪಠ್ಯಪುಸ್ತಕಗಳಲ್ಲಿ ಎಷ್ಟು ಸಲ ಬರುತ್ತದೆಯೋ ಲೆಕ್ಕವಿಲ್ಲ. ದೋಣಿಗಳು ಎಲ್ಲಿಂದ ಬಂದುವು, ಅವುಗಳನ್ನು ದಡದವರೆಗೆ ಹೊತ್ತು ತಂದವರು ಯಾರು, ಮೊದಲ ತಂಡ ಆಚೆಯ ದಡವನ್ನು ಮುಟ್ಟಿದ ಮೇಲೆ ಎರಡನೆಯ ತಂಡ ಬರುವವರೆಗೆ ಎಷ್ಟು ಹೊತ್ತು ಒಂಟಿಯಾಗಿ ನಿಂತಿತು, ಮದ್ದುಗುಂಡು ಮತ್ತು ಅನ್ನ ಅವರ ಹಿಂದೆ ಹೇಗೆ ಹೋದುವು ಎಂದು ಕೇಳುವ ವಿದ್ಯಾರ್ಥಿಗೆ ಅಂಥ ಪುಸ್ತಕಗಳಲ್ಲಿ ಉತ್ತರ ದೊರೆಯುವುದಿಲ್ಲ. ಕದನದ ಫಲವು ಅನೇಕ ವೇಳೆ ನಿರ್ಣಯವಾಗುವುದು ಈ ಪ್ರಶ್ನೆಗಳಲ್ಲಿಯೇ.

ಪ್ರಾಚೀನರು ಈ ವಿಷಯದಲ್ಲಿ ನಮಗಿಂತ ಹೆಚ್ಚು ಜಾಗರೂಕರಾಗಿದ್ದರೆಂದು ತೋರುತ್ತದೆ. ಕ್ರಿ.ಪೂ. ೩೨೬ರಲ್ಲಿ ಅಲೆಕ್ಸಾಂಡರನು ವಿತಸ್ತಾ ನದಿಯನ್ನು, ಎಂದರೆ ಇಂದಿನ ಝೇಲಮ್ಮನ್ನು, ದಾಟಿ ಪೌರವನನ್ನು ಎದುರಿಸಿದ ಸಂಗತಿಯನ್ನು ಬರೆದ ಆರ್ರಿಯನ್, ಸಿಂಧೂನದಿಯಲ್ಲಿದ್ದ ದೋಣಿಗಳನ್ನು ತುಂಡುಮಾಡಿ ಬಂಡಿಗಳಲ್ಲಿ ಸಾಗಿಸಿ ಮತ್ತೆ ಜೋಡಿಸಿದರೆಂಬುದನ್ನು ಮರೆಯದೆ ಹೇಳುತ್ತಾನೆ. ಚಿಕ್ಕವು ಎರಡು ತುಂಡಾದುವು, ಮೂವತ್ತು ಹುಟ್ಟಿನವು ಮೂರು ತುಂಡಾದುವು. ದಾಟಿದ ಸೈನ್ಯವು ಆಚೆಯ ದಡವೆಂದು ಭ್ರಮಿಸಿ ಮೊದಲು ಒಂದು ದ್ವೀಪದ ಮೇಲೆ ಇಳಿಯಿತೆಂಬ ಎಡವಟ್ಟನ್ನೂ ಅವನು ಮುಚ್ಚಿಡಲಿಲ್ಲ. ಕ್ರಿ.ಪೂ. ೫೫ರಲ್ಲಿ ರೈನ್ ನದಿಗೆ ಹತ್ತು ದಿನಗಳಲ್ಲಿ ಸೇತುವೆ ಕಟ್ಟಿಸಿದ ಸೀಸರನಂತೂ ಕಂಬಗಳನ್ನು ಪ್ರವಾಹಕ್ಕೆ ಎದುರಾಗಿ ಓರೆಯಾಗಿ ನಿಲ್ಲಿಸಿದ ಬಗೆಯನ್ನು ಬಡಗಿಯಂತೆ ವಿವರಿಸಿದ್ದಾನೆ. ಆದರೆ ಆ ಕಂಬಗಳನ್ನು ನೀರಿನಲ್ಲಿ ನಿಂತು ನೆಟ್ಟವರು ಯಾರೆಂಬುದನ್ನು ಅವನು ಹೇಳಲಿಲ್ಲ. ಸೇತುವೆಯ ವಿವರ ಉಳಿಯಿತು, ಕಟ್ಟಿದವರ ವಿವರ ಉಳಿಯಲಿಲ್ಲ. ಈ ಲೇಖನದಲ್ಲಿ ಎತ್ತಿಕೊಂಡಿರುವ ಆಕ್ಷೇಪದ ಬೀಜ ಇಲ್ಲಿಯೇ ಇದೆ.

ನಮ್ಮ ಕಾಲಕ್ಕೆ ಸಮೀಪವಾದ ಯುದ್ಧಗ್ರಂಥಗಳಲ್ಲಿ ಈ ಪ್ರಶ್ನೆಗಳಿಗೆ ಗಂಭೀರವಾಗಿ ಉತ್ತರ ಕೊಟ್ಟವುಗಳ ಪೈಕಿ ಫೀಲ್ಡ್ ಮಾರ್ಷಲ್ ಸ್ಲಿಮ್ ಅವರ ‘ಡಿಫೀಟ್ ಇನ್‌ಟು ವಿಕ್ಟರಿ’ ಮುಖ್ಯವಾದುದು. ೧೯೫೬ರಲ್ಲಿ ಪ್ರಕಟವಾದ ಈ ಗ್ರಂಥವು ಬರ್ಮಾ ದೇಶದಲ್ಲಿ (ಇಂದಿನ ಮ್ಯಾನ್ಮಾರ್) ೧೯೪೨ರಿಂದ ೧೯೪೫ರವರೆಗೆ ನಡೆದ ಯುದ್ಧದ ವೃತ್ತಾಂತ. ಇದನ್ನು ನಮ್ಮ ಕಾಲೇಜುಗಳಲ್ಲಿ ಓದುವವರು ಕಡಮೆ, ಓದಿದವರು ಹೊಗಳದೆ ಬಿಟ್ಟವರು ಇನ್ನೂ ಕಡಮೆ. ಹೊಗಳಿಕೆಗೆ ಇದು ಪಾತ್ರವೇ. ಆದರೂ ಗ್ರಂಥದ ಶಿಖರಪ್ರಾಯವಾದ ಭಾಗವನ್ನು, ಎಂದರೆ ೧೯೪೫ರ ಜನವರಿ ಫೆಬ್ರವರಿಗಳಲ್ಲಿ ಐರಾವತಿ ನದಿಯನ್ನು ದಾಟಿದ ವೃತ್ತಾಂತವನ್ನು, ಭಾರತೀಯ ವಿದ್ಯಾರ್ಥಿಯು ಎಚ್ಚರದಿಂದ ಓದಬೇಕಾದ ಕಾರಣಗಳಿವೆ. ಗ್ರಂಥದ ಗುಣವನ್ನು ಮೊದಲು ಹೇಳಿ, ಅನಂತರ ಕೊರತೆಯನ್ನು ಹೇಳುವುದು ನ್ಯಾಯವಾದ ಕ್ರಮ.

೨

ಸ್ಲಿಮ್ ಅವರ ಮೊದಲ ಗುಣವೆಂದರೆ, ನದಿಯನ್ನು ದಾಟುವ ಕಾರ್ಯವು ನದಿಯ ದಡದಲ್ಲಿ ಆರಂಭವಾಗುವುದಿಲ್ಲವೆಂದು ಅವರು ತಿಳಿದಿದ್ದರು, ಮತ್ತು ಹಾಗೆಯೇ ಬರೆದರು. ೧೯೪೨ರ ಏಪ್ರಿಲ್ ೩೦ರ ರಾತ್ರಿ, ಸೋತು ಹಿಮ್ಮೆಟ್ಟುತ್ತಿದ್ದ ಸೈನ್ಯವು ಐರಾವತಿಯ ಮೇಲಿನ ಆವಾ ಸೇತುವೆಯನ್ನು ತಾನೇ ಸಿಡಿಸಿತು. ಆ ಮಹಾನದಿಗೆ ಆಗ ಇದ್ದುದು ಅದೊಂದೇ ಸೇತುವೆ. ಎರಡೂಮುಕ್ಕಾಲು ವರ್ಷಗಳ ಮೇಲೆ ಸ್ಲಿಮ್ ಅವರ ಹದಿನಾಲ್ಕನೆಯ ಸೈನ್ಯ ಮತ್ತೆ ಆ ನದಿಯ ಬಳಿಗೆ ಬಂದಾಗ ಮುಂದೆ ಇದ್ದುದು ಬರಿಯ ನೀರು ಮತ್ತು ಮರಳು. ಹಿಂದೆ ಇದ್ದುದು ಅಸ್ಸಾಮಿನ ದೀಮಾಪುರದ ರೈಲುನಿಲ್ದಾಣದಿಂದ ಇಂಫಾಲ, ತಾಮು, ಕಲೇವಾಗಳ ಮೂಲಕ ಬೆಟ್ಟಕಾಡುಗಳನ್ನು ಹಾಯ್ದು ಬಂದ ನೂರಾರು ಮೈಲಿಗಳ ರಸ್ತೆ.

ಐರಾವತಿಗಿಂತ ಮುಂಚೆ ಚಿಂದ್ವಿನ್ ನದಿಯನ್ನು ದಾಟಬೇಕಾಗಿತ್ತು. ೧೯೪೪ರ ಡಿಸೆಂಬರಿನಲ್ಲಿ ಕಲೇವಾದಲ್ಲಿ ೧,೧೫೪ ಅಡಿ ಉದ್ದದ ತೇಲುಸೇತುವೆಯೊಂದನ್ನು ಕಟ್ಟಲಾಯಿತು. ಆ ಕಾಲಕ್ಕೆ ಪ್ರಪಂಚದಲ್ಲಿ ಅಷ್ಟು ಉದ್ದದ ಬೈಲಿ ಸೇತುವೆ ಬೇರೆ ಇರಲಿಲ್ಲ. ಬೈಲಿ ಸೇತುವೆಯೆಂದರೆ ಬ್ರಿಟಿಷ್ ಇಂಜಿನಿಯರ್ ಡೊನಾಲ್ಡ್ ಬೈಲಿ ರೂಪಿಸಿದ ಉಕ್ಕಿನ ಜೋಡಣೆ. ಅದರ ಒಂದೊಂದು ಚೌಕಟ್ಟು ಹತ್ತು ಅಡಿ ಉದ್ದ, ಐದು ಅಡಿ ಎತ್ತರ. ಆರು ಮಂದಿ ಹೊರಬಹುದಾದಷ್ಟು ತೂಕ. ದೊಡ್ಡ ಯಂತ್ರಗಳಿಲ್ಲದ ಕಡೆಯಲ್ಲಿಯೂ ಮನುಷ್ಯರ ಹೆಗಲಿನ ಬಲದಿಂದಲೇ ಕಟ್ಟಬಹುದಾದ ಸೇತುವೆ ಅದು. ಈ ಕಾರಣದಿಂದಲೇ ಬರ್ಮಾದ ಯುದ್ಧಕ್ಕೆ ಅದು ಹೊಂದಿಕೊಂಡಿತು.

ಕಲೇವಾದಲ್ಲಿಯೇ ನಡೆದ ಇನ್ನೊಂದು ಕಾರ್ಯ ಇದಕ್ಕಿಂತ ಸ್ವಾರಸ್ಯವಾದದ್ದು. ಸೈನ್ಯ ಮುಂದುವರಿದಂತೆ ರಸ್ತೆ ಉದ್ದವಾಗುತ್ತದೆ, ಲಾರಿಗಳು ಸವೆಯುತ್ತವೆ, ವಿಮಾನಗಳು ಸಾಲದಾಗುತ್ತವೆ. ಉಳಿದ ಮಾರ್ಗ ನದಿಯೇ. ಆದರೆ ನದಿಯಲ್ಲಿ ದೋಣಿಗಳಿರಲಿಲ್ಲ. ಸ್ಲಿಮ್ ಅವರು ತಮ್ಮ ಮುಖ್ಯ ಇಂಜಿನಿಯರ್ ಹಾಸ್ಟೆಡ್ ಅವರಿಗೆ ಕಾಡನ್ನೂ ನದಿಯನ್ನೂ ತೋರಿಸಿ, ಎರಡು ತಿಂಗಳಲ್ಲಿ ದಿನಕ್ಕೆ ೫೦೦ ಟನ್ ಸಾಮಗ್ರಿ ಈ ನೀರಿನ ಮೇಲೆ ಸಾಗಬೇಕೆಂದರಂತೆ. ತೇಗದ ಮರಗಳನ್ನು ಕಡಿದು, ಆನೆಗಳಿಂದ ಎಳೆಸಿ, ದಡದಲ್ಲಿಯೇ ಹಲಗೆ ಸೀಳಿ ಐನೂರಕ್ಕೂ ಹೆಚ್ಚು ಸರಕುದೋಣಿಗಳನ್ನು ಕಟ್ಟಲಾಯಿತು. ಒಂದೊಂದು ದೋಣಿ ಸುಮಾರು ಹತ್ತು ಟನ್ ಹೊರುತ್ತಿತ್ತು. ಮೂರನ್ನು ಸೇರಿಸಿ ಕಟ್ಟಿದರೆ ಒಂದು ಟ್ಯಾಂಕನ್ನು ಹೊರುತ್ತಿತ್ತು.

ರಸ್ತೆಯ ವಿಷಯದಲ್ಲಿಯೂ ಇದೇ ಜಾಣ್ಮೆ. ಕಲ್ಲು ದೊರೆಯದ ಕಡೆ ನೆಲವನ್ನು ಸಮಮಾಡಿ, ಡಾಂಬರಿನಲ್ಲಿ ಅದ್ದಿದ ಗೋಣಿಪಟ್ಟೆಗಳನ್ನು ಒಂದರ ಅಂಚಿನ ಮೇಲೊಂದು ಬರುವಂತೆ ಹಾಸಿ ನೂರಕ್ಕೂ ಹೆಚ್ಚು ಮೈಲಿ ಲಾರಿ ನಡೆಸಿದರು. ರೇಷ್ಮೆಯ ಪ್ಯಾರಾಚೂಟುಗಳು ಸಾಲದೆ ಬಂದಾಗ ಕಲ್ಕತ್ತೆಯ ಕಾರ್ಖಾನೆಗಳಲ್ಲಿ ಸೆಣಬಿನ ಪ್ಯಾರಾಚೂಟುಗಳನ್ನು ಹೊಲಿಸಿದರು. ವಂಗದೇಶದ ಸೆಣಬು ಬರ್ಮಾದ ಯುದ್ಧದಲ್ಲಿ ನೆಲದ ಮೇಲೂ ಇತ್ತು, ಆಕಾಶದಲ್ಲಿಯೂ ಇತ್ತು. ಯುರೋಪಿನ ರಣರಂಗದಲ್ಲಿ ಕೇಳಿದ ಸಾಮಗ್ರಿ ದೊರೆಯುತ್ತಿದ್ದ ಸೇನಾನಿಗಳು ಇಂಥ ಅಧ್ಯಾಯವನ್ನು ಬರೆಯಲು ಸಾಧ್ಯವಿರಲಿಲ್ಲ. ಸರಬರಾಜನ್ನು ಅನುಬಂಧಕ್ಕೆ ತಳ್ಳದೆ ಕಥೆಯ ನಡುವೆಯೇ ತಂದಿಟ್ಟುದು ಸ್ಲಿಮ್ ಅವರ ಗ್ರಂಥದ ನಿಜವಾದ ಹಿರಿಮೆ.

ಋತುವಿನ ಒತ್ತಾಯವನ್ನೂ ಅವರು ಮರೆತಿಲ್ಲ. ಮೇ ತಿಂಗಳಿನ ಮಳೆಗೆ ಮುಂಚೆ ರಂಗೂನು ಕೈಸೇರದಿದ್ದರೆ ವಿಮಾನಗಳು ಇಳಿಯಲಾರವು, ಮಣ್ಣಿನ ರಸ್ತೆ ಕರಗಿಹೋಗುತ್ತದೆ. ಈ ಲೆಕ್ಕಾಚಾರ ಕನ್ನಡನಾಡಿನ ಚರಿತ್ರೆಯನ್ನು ಬಲ್ಲವರಿಗೆ ಹೊಸದಲ್ಲ. ೧೭೯೧ರ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣದ ಬಳಿಯವರೆಗೆ ಬಂದ ಕಾರ್ನ್‌ವಾಲಿಸನು ಮಳೆಗೆ ಸಿಕ್ಕಿ, ಎತ್ತುಗಳು ಸತ್ತು, ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು. ೧೭೯೯ರಲ್ಲಿ ಮುತ್ತಿಗೆ ಹಾಕಿದವರು ಆ ಪಾಠವನ್ನು ಕಲಿತಿದ್ದರು. ಮೇ ೪ರಂದು ಕಾವೇರಿಯ ನೀರು ತಗ್ಗಿ ಬಂಡೆಗಳು ಮೇಲೆದ್ದಿದ್ದಾಗಲೇ ಪಾತ್ರವನ್ನು ದಾಟಿ ಕೋಟೆಯನ್ನು ಹತ್ತಿದರು. ಕೆಲವು ವಾರ ತಡವಾಗಿದ್ದರೆ ಕಾವೇರಿಯು ಟಿಪ್ಪೂವಿನ ಪಕ್ಷವನ್ನು ವಹಿಸುತ್ತಿದ್ದಿತು.

೩

ದಾಟುವ ಯೋಜನೆಗೆ ಬರೋಣ. ಜಪಾನೀ ಸೇನಾಪತಿ ಕಿಮುರ ಐರಾವತಿಯ ಹಿಂದೆ ಸರಿದು ನಿಲ್ಲುತ್ತಿದ್ದಾನೆಂದು ೧೯೪೪ರ ಡಿಸೆಂಬರಿನಲ್ಲಿ ಸ್ಲಿಮ್ ಅವರಿಗೆ ಸ್ಪಷ್ಟವಾಯಿತು. ಆಗ ಅವರು ತಮ್ಮ ಯೋಜನೆಯನ್ನು ಬದಲಿಸಿದರು. ಮಾಂಡಲೆಯ ಉತ್ತರದಲ್ಲಿಯೂ ಪಶ್ಚಿಮದಲ್ಲಿಯೂ ಒಂದು ದಂಡು ದಾಟಿ ಶತ್ರುವಿನ ಗಮನವನ್ನು ಸೆಳೆಯುವುದು. ಇನ್ನೊಂದು ದಂಡು ಗಂಗಾವ್ ಕಣಿವೆಯ ಕಾಡುದಾರಿಯಲ್ಲಿ ಗುಟ್ಟಾಗಿ ದಕ್ಷಿಣಕ್ಕೆ ನಡೆದು, ಪುರಾತನ ದೇವಾಲಯಗಳ ಪಗಾನ್ ನಗರದ ಬಳಿಯ ನ್ಯಾಂಗುವಿನಲ್ಲಿ ದಾಟಿ, ಶತ್ರುವಿನ ಸರಬರಾಜಿನ ಕೇಂದ್ರವಾದ ಮೈಕ್‌ಟಿಲಾವನ್ನು ಹಿಡಿಯುವುದು. ಗುಟ್ಟು ಉಳಿಯಲೆಂದು ತಾಮುವಿನಲ್ಲಿ ಹುಸಿ ಪ್ರಧಾನಠಾಣ್ಯವೊಂದನ್ನು ಇಟ್ಟು ಅಲ್ಲಿಂದ ರೇಡಿಯೋ ಸಂದೇಶಗಳನ್ನು ಕಳುಹಿಸುತ್ತಿದ್ದರು. ರಾತ್ರಿಯ ಗದ್ದಲದಿಂದ ಪೌರವನನ್ನು ದಣಿಸಿ ಬೇರೆ ಕಡೆ ದಾಟಿದ ಅಲೆಕ್ಸಾಂಡರನ ತಂತ್ರಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಹತ್ತೊಂಬತ್ತನೆಯ ಭಾರತೀಯ ಡಿವಿಜನ್ನು ಜನವರಿಯ ಮಧ್ಯದ ಹೊತ್ತಿಗೆ ಮಾಂಡಲೆಯ ಉತ್ತರಕ್ಕೆ ದಾಟಿತ್ತು. ಇಪ್ಪತ್ತನೆಯದು ಫೆಬ್ರವರಿ ೧೨ರ ರಾತ್ರಿ ಮಿನ್‌ಮುವಿನಲ್ಲಿ ದಾಟಿತು. ಏಳನೆಯದು ೧೩ರ ರಾತ್ರಿ ನ್ಯಾಂಗುವಿನಲ್ಲಿ, ಬ್ರಿಟಿಷ್ ಎರಡನೆಯದು ೨೪ರ ರಾತ್ರಿ ಗಾಜುನ್‌ನಲ್ಲಿ ದಾಟಿದುವು. ಇವುಗಳ ಪೈಕಿ ನ್ಯಾಂಗುವಿನ ವೃತ್ತಾಂತವೇ ವಿಮರ್ಶೆಗೆ ಹೆಚ್ಚು ಉಪಯುಕ್ತ.

ಅದಕ್ಕೆ ಮುಂಚೆ ಒಂದು ಸಾಮಾನ್ಯ ಲೆಕ್ಕವನ್ನು ವಿದ್ಯಾರ್ಥಿಗಳು ಮನಸ್ಸಿಗೆ ತಂದುಕೊಳ್ಳಬೇಕು. ೮೦೦ ಮಂದಿಯ ಒಂದು ಪಟಾಲಮು, ಹತ್ತು ಮಂದಿ ಹಿಡಿಸುವ ೪೦ ದೋಣಿಗಳು, ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ ಎಂದು ಭಾವಿಸೋಣ. ಮೊದಲ ಸರತಿಯಲ್ಲಿ ದಾಟಿದ ೪೦೦ ಮಂದಿ ಉಳಿದವರಿಗಾಗಿ ಒಂದೂವರೆ ಗಂಟೆ ಕಾಯಬೇಕು. ಈಗ ಹತ್ತು ದೋಣಿಗಳು ಕೆಟ್ಟುವೆನ್ನೋಣ. ೩೦ ದೋಣಿಗಳಲ್ಲಿ ಒಮ್ಮೆಗೆ ೩೦೦ ಮಂದಿ. ಆದ್ದರಿಂದ ಎರಡು ಸರತಿಯ ಬದಲು ಮೂರು ಸರತಿ. ಮೊದಲು ಇಳಿದವರು ಪಟಾಲಮು ಪೂರ್ತಿಯಾಗುವವರೆಗೆ ಮೂರು ಗಂಟೆ ನಿಲ್ಲಬೇಕು. ಕೆಟ್ಟದ್ದು ನಾಲ್ಕರಲ್ಲಿ ಒಂದು ದೋಣಿ, ಇಮ್ಮಡಿಯಾದುದು ಅಪಾಯದ ಕಾಲ. ನದಿಯ ಅಗಲವನ್ನು ಭೂಪಟದಲ್ಲಿ ಗಜಗಳಲ್ಲಿ ಅಳೆಯುತ್ತಾರೆ. ದಾಟುವವನು ಅದನ್ನು ಅಳೆಯುವುದು ಈ ಕಾಯುವ ಹೊತ್ತಿನಲ್ಲಿ. ಕಾಲಾಳಿನ ಹಿಂದೆ ಫಿರಂಗಿ, ಟ್ಯಾಂಕು, ಹೇಸರಗತ್ತೆ, ಔಷಧ, ಕುಡಿಯುವ ನೀರು ಇವೆಲ್ಲ ಹೋಗಬೇಕು. ಒಂದೊಂದಕ್ಕೂ ಬೇರೆ ಬೇರೆ ಬಗೆಯ ದೋಣಿ ಅಥವಾ ತೆಪ್ಪ, ಬೇರೆ ಬೇರೆ ಇಳಿದಾಣ.

ನ್ಯಾಂಗುವಿನಲ್ಲಿ ನದಿ ೨,೦೦೦ ಗಜಗಳಿಗೂ ಅಗಲವಾಗಿತ್ತು, ಮರಳದಿಣ್ಣೆಗಳ ದೆಸೆಯಿಂದ ದೋಣಿಗಳು ಓರೆಯಾಗಿ ಸಾಗಬೇಕಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಎದುರಾಳಿಯಿದ್ದ ನದಿಯೊಂದನ್ನು ಇಷ್ಟು ದೂರ ದಾಟಿದುದು ಬೇರೆಲ್ಲಿಯೂ ಇಲ್ಲವೆಂದು ಸ್ಲಿಮ್ ಅವರೇ ಹೇಳುತ್ತಾರೆ. ಮೊದಲ ಕಂಪನಿಯು ಕತ್ತಲಿನಲ್ಲಿ ಸದ್ದಿಲ್ಲದೆ ಹುಟ್ಟುಹಾಕಿ ದಾಟಿ ಆಚೆಯ ದಿಬ್ಬವನ್ನು ಹತ್ತಿ ಕುಳಿತಿತು. ಇಲ್ಲಿಯವರೆಗೆ ಎಲ್ಲವೂ ಯೋಜನೆಯಂತೆ ನಡೆಯಿತು. ಅದರ ಹಿಂದೆ ಯಂತ್ರದ ದೋಣಿಗಳಲ್ಲಿ ಹೊರಟ ಸೌತ್ ಲಂಕಾಷೈರ್ ಪಟಾಲಮಿನ ಉಳಿದ ಭಾಗ ಕೆಟ್ಟಿತು. ಕೆಲವು ದೋಣಿಗಳು ಸೋರಿದುವು, ಕೆಲವುಗಳ ಯಂತ್ರ ಹೊತ್ತಿಕೊಳ್ಳಲಿಲ್ಲ. ಹೊರಟವು ನಡುನೀರಿನಲ್ಲಿ ಉಳಿದವುಗಳಿಗಾಗಿ ಸುತ್ತುತ್ತ ನಿಂತುವು. ಪ್ರವಾಹವು ಅವುಗಳನ್ನು ಕೆಳಗೆ ಕೊಂಡೊಯ್ದಿತು, ಬೆಳಕು ಹರಿಯಿತು, ಆಚೆಯ ದಡದ ಮೆಷಿನ್‌ಗನ್ನುಗಳು ಮಾತಾಡಿದುವು. ಬದುಕಿದವರು ಹಿಂದಿರುಗಿದರು. ದಿಬ್ಬದ ಮೇಲೆ ಒಂದು ಕಂಪನಿ ಒಂಟಿಯಾಯಿತು. ಅನಂತರ ಟ್ಯಾಂಕು, ಫಿರಂಗಿ, ವಿಮಾನಗಳ ಗುಂಡಿನ ಮರೆಯಲ್ಲಿ ಪಂಜಾಬ್ ರೆಜಿಮೆಂಟಿನ ಪಟಾಲಮೊಂದು ಹಾಡುಹಗಲಿನಲ್ಲಿ ದಾಟಿ ಕಾರ್ಯವನ್ನು ಉಳಿಸಿತು.

ಸ್ಲಿಮ್ ಅವರು ಈ ಸೋಲನ್ನು ಮುಚ್ಚಿಲ್ಲ. ತಮ್ಮ ತಪ್ಪುಗಳನ್ನು ತಾವೇ ಬರೆಯುವ ಸೇನಾನಿಗಳು ವಿರಳ, ಇವರು ಆ ವಿರಳರಲ್ಲಿ ಒಬ್ಬರು. ಆದರೆ ಅವರು ಇದನ್ನು ದಡದಲ್ಲಿ ನಡೆದ ದುರದೃಷ್ಟವೆಂಬಂತೆ ಹೇಳಿ ಮುಂದೆ ಸಾಗುತ್ತಾರೆ. ಅವರ ಗ್ರಂಥವೇ ಕಲಿಸುವ ಪಾಠದಂತೆ ನೋಡಿದರೆ ಇದು ದಡದ ದುರದೃಷ್ಟವಲ್ಲ. ಕೆಟ್ಟ ರಸ್ತೆಯಲ್ಲಿ ನೂರಾರು ಮೈಲಿ ಕುಲುಕಿ ಬಂದ ದೋಣಿಗಳು ಸೋರುವುದು ಸಹಜ. ಗುಟ್ಟಿಗಾಗಿ ಸದ್ದನ್ನು ನಿಷೇಧಿಸಿದ ಕಡೆ ಯಂತ್ರಗಳನ್ನು ಮುಂಚಿತವಾಗಿ ಮನಸಾರೆ ಓಡಿಸಿ ನೋಡಲಾಗದಿರುವುದೂ ಸಹಜ. ಗುಟ್ಟಿನ ಮೆರವಣಿಗೆಯಿಂದ ದೊರೆತ ಲಾಭಕ್ಕೆ ಕೊಟ್ಟ ಬೆಲೆ ಈ ಸೋರುವ ದೋಣಿಗಳೇ. ಲಾಭವನ್ನು ಒಂದು ಅಧ್ಯಾಯದಲ್ಲಿಯೂ ಬೆಲೆಯನ್ನು ಇನ್ನೊಂದು ಅಧ್ಯಾಯದಲ್ಲಿಯೂ ಬರೆದು, ಎರಡರ ಸಂಬಂಧವನ್ನು ಅವರು ಓದುಗನಿಗೇ ಬಿಟ್ಟಿದ್ದಾರೆ. ಲಾಭ ದೊಡ್ಡದಾಗಿದ್ದುದರಿಂದ ಬೆಲೆ ಕೊಟ್ಟುದು ಸರಿಯೇ ಎಂದು ವಾದಿಸಬಹುದು. ಹಾಗೆ ವಾದಿಸಬೇಕಾದರೂ ಬೆಲೆಯನ್ನು ಬೆಲೆಯೆಂದು ಮೊದಲು ಕರೆಯಬೇಕಷ್ಟೆ.

೪

ಈಗ ಎರಡನೆಯ ಆಕ್ಷೇಪ. ಈ ವೃತ್ತಾಂತದಲ್ಲಿ ಮುಖ್ಯ ಇಂಜಿನಿಯರನಿಗೆ ಹೆಸರಿದೆ, ಮುಖವಿದೆ, ನಗೆಯೂ ಇದೆ. ಕಲೇವಾದಲ್ಲಿ ಸಿದ್ಧವಾದ ಎರಡು ಪುಟ್ಟ ಯುದ್ಧನೌಕೆಗಳಿಗೂ ಹೆಸರಿದೆ: ಒಂದು ಸ್ಲಿಮ್ ಅವರ ಮಗಳ ಹೆಸರು, ಇನ್ನೊಂದು ಮೌಂಟ್‌ಬ್ಯಾಟನ್ನರ ಮಗಳ ಹೆಸರು. ಆದರೆ ಹಲಗೆ ಸೀಳಿದವನಿಗೆ, ತೆಪ್ಪವನ್ನು ನಡುನೀರಿನಲ್ಲಿ ಗುಂಡಿನ ಎದುರು ಹಿಡಿದವನಿಗೆ, ರಾತ್ರಿ ಕಂಠಮಟ್ಟದ ನೀರಿನಲ್ಲಿ ನಿಂತು ಇಳಿದಾಣ ಕಟ್ಟಿದವನಿಗೆ ಹೆಸರಿಲ್ಲ. ಅವರಿಗೆಲ್ಲ ಸೇರಿ ಒಂದು ಸಾಮೂಹಿಕ ಪ್ರಶಂಸೆ ದೊರೆಯುತ್ತದೆ. ಪ್ರಶಂಸೆ ಪ್ರಾಮಾಣಿಕವಾದದ್ದು, ಸಂದೇಹವಿಲ್ಲ. ಆದರೆ ಪ್ರಶಂಸೆ ಚರಿತ್ರೆಯಲ್ಲ.

ಸೈನ್ಯವೊಂದನ್ನು ನಡೆಸಿದವನು ಪ್ರತಿಯೊಬ್ಬ ಸಿಪಾಯಿಯ ಹೆಸರನ್ನು ಬರೆಯಬೇಕೆಂದು ಯಾರೂ ಕೇಳುವುದಿಲ್ಲ. ಕೇಳುವುದು ಇಷ್ಟೆ: ದಳದ ಹೆಸರು, ಊರು, ಕೆಲಸದ ಬಗೆ. ಹದಿನಾಲ್ಕನೆಯ ಸೈನ್ಯದ ಬಹುಭಾಗ ಭಾರತೀಯರು. ಐದು, ಏಳು, ಹದಿನೇಳು, ಹತ್ತೊಂಬತ್ತು, ಇಪ್ಪತ್ತು ಎಂಬ ಅಂಕಿಗಳ ಡಿವಿಜನ್ನುಗಳೆಲ್ಲ ಭಾರತೀಯ ಡಿವಿಜನ್ನುಗಳು. ಅವುಗಳ ದೋಣಿ, ತೆಪ್ಪ, ಸೇತುವೆಗಳ ಕೆಲಸ ಮೂರು ಪ್ರಸಿದ್ಧ ಸ್ಯಾಪರ್ ದಳಗಳಿಗೆ ಸೇರಿದ ಕಂಪನಿಗಳದು: ರೂರ್ಕಿಯ ಬಂಗಾಳ ದಳ, ಕಿರ್ಕಿಯ ಮುಂಬಯಿ ದಳ, ಬೆಂಗಳೂರಿನ ಮದರಾಸು ದಳ. ರಸ್ತೆಯ ಕೆಲಸದಲ್ಲಿ ಇವರಲ್ಲದೆ ಅಸ್ಸಾಮಿನ ಚಹದ ತೋಟಗಳ ಕೂಲಿಗಳು ಸಾವಿರಗಟ್ಟಲೆ ಇದ್ದರು. ೧೯೪೨ರಲ್ಲಿ ಮಣಿಪುರದ ರಸ್ತೆಗಾಗಿ ಅವರನ್ನು ತೋಟಗಳಿಂದ ಕರೆತರಲಾಗಿತ್ತು. ಬರ್ಮಾದ ಯುದ್ಧದ ಗ್ರಂಥಗಳಲ್ಲಿ ಅವರು ಸಂಖ್ಯೆಯಾಗಿ ಮಾತ್ರ ಬರುತ್ತಾರೆ.

ಮದರಾಸು ಸ್ಯಾಪರ್ ದಳದ ವಿಷಯವು ನಮಗೆ ಇನ್ನಷ್ಟು ಹತ್ತಿರದ್ದು. ಹಲಸೂರು ಕೆರೆಯ ಬಳಿ ಆ ದಳದ ಕೇಂದ್ರ ಇಂದಿಗೂ ಇದೆ. ಹೆಸರು ಮಾತ್ರ ಮದ್ರಾಸ್ ಇಂಜಿನಿಯರ್ ಗ್ರೂಪ್ ಎಂದಾಗಿದೆ. ದಕ್ಷಿಣದ ನಾಲ್ಕು ಭಾಷೆಗಳನ್ನಾಡುವವರೂ ಅಲ್ಲಿ ಸೇರಿ ಕೆಲಸ ಕಲಿತರು. ಬಾಂಬಿನ ಕೊಳವೆಯಿಂದ ತಂತಿಬೇಲಿಯನ್ನು ಸಿಡಿಸುವ ‘ಬ್ಯಾಂಗಲೋರ್ ಟಾರ್ಪಿಡೊ’ ೧೯೧೨ರಲ್ಲಿ ಆ ದಳದ ಅಧಿಕಾರಿಯೊಬ್ಬನಿಂದ ಹುಟ್ಟಿದ್ದೆಂಬುದನ್ನು ನಮ್ಮವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಊರಿನ ಹೆಸರು ಒಂದು ಆಯುಧಕ್ಕೆ ಅಂಟಿಕೊಂಡು ಲೋಕವನ್ನೆಲ್ಲ ಸುತ್ತಿತು. ಅದೇ ಊರಿನಲ್ಲಿ ಸೇತುವೆ ಕಟ್ಟಲು ಕಲಿತು ಬರ್ಮಾಕ್ಕೆ ಹೋದವರ ಹೆಸರು ನಮ್ಮ ಊರಿನಲ್ಲಿಯೇ ತಿಳಿಯದು. ಈ ಅಜ್ಞಾನಕ್ಕೆ ಸ್ಲಿಮ್ ಅವರನ್ನು ದೂರಿ ಪ್ರಯೋಜನವಿಲ್ಲ. ಹೊಣೆ ನಮ್ಮದು.

ಈ ಕೊರತೆಯನ್ನು ತುಂಬುವ ಸಾಧನಗಳು ಇಲ್ಲದಿಲ್ಲ. ಬಿಶೇಶ್ವರ ಪ್ರಸಾದರ ಪ್ರಧಾನ ಸಂಪಾದಕತ್ವದಲ್ಲಿ ಹೊರಬಂದ ಭಾರತೀಯ ಸೈನ್ಯದ ಅಧಿಕೃತ ಯುದ್ಧಚರಿತ್ರೆಯಲ್ಲಿ ಬರ್ಮಾದ ಮರುವಿಜಯಕ್ಕೆ ಮೀಸಲಾದ ಸಂಪುಟಗಳಿವೆ. ಅವು ಸ್ಲಿಮ್ ಅವರ ಗ್ರಂಥದಂತೆ ಸರಸವಾಗಿ ಓದಿಸಿಕೊಳ್ಳುವುದಿಲ್ಲ. ಅದರ ಕಾರಣವೂ ತಿಳಿಯಬಹುದಾದದ್ದೇ: ದಳ, ತಾರೀಖು, ಸ್ಥಳ ಎಂದು ಒಂದೊಂದನ್ನೂ ಹೆಸರಿಸಿ ನಡೆಯುವ ಬರಹಕ್ಕೆ ಓಟವಿರುವುದಿಲ್ಲ. ಆದರೆ ಸ್ಲಿಮ್ ಅವರ ಪುಟವನ್ನು ಒಂದು ಕೈಯಲ್ಲಿಯೂ ಈ ಸಂಪುಟಗಳನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು ಓದಿದ ವಿದ್ಯಾರ್ಥಿಗೆ, ಕಥೆಯ ಓಟವು ಏನೇನನ್ನು ಹಿಂದೆ ಬಿಟ್ಟು ಬಂದಿತೆಂಬುದು ಕಾಣುತ್ತದೆ.

೫

ಮೂರನೆಯ ಆಕ್ಷೇಪ ಇವೆರಡಕ್ಕಿಂತ ಗುರುತರವಾದದ್ದು. ನದಿಗೆ ಎರಡು ದಡಗಳಿವೆ. ನ್ಯಾಂಗು ಮತ್ತು ಪಗಾನ್‌ಗಳಲ್ಲಿ ಆಚೆಯ ದಡದಲ್ಲಿ ಜಪಾನೀಯರು ಮಾತ್ರವೇ ಇರಲಿಲ್ಲ. ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ ನೆಹರೂ ರೆಜಿಮೆಂಟು ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರ ನಾಯಕತ್ವದಲ್ಲಿ ಅಲ್ಲಿ ಕಾವಲಿಗೆ ನಿಂತಿತ್ತು. ಇದೇ ಧಿಲ್ಲೋನರನ್ನು ೧೯೪೫ರ ಕೊನೆಯಲ್ಲಿ ಶಾಹ್ ನವಾಜ್ ಖಾನ್ ಮತ್ತು ಪ್ರೇಮ್ ಸಹಗಲ್ ಅವರೊಡನೆ ದೆಹಲಿಯ ಕೆಂಪುಕೋಟೆಯಲ್ಲಿ ವಿಚಾರಣೆಗೆ ಗುರಿಪಡಿಸಿದರು. ದೇಶವೆಲ್ಲ ಆ ವಿಚಾರಣೆಯನ್ನು ನೋಡಿತು. ಆದರೆ ಆ ಆರೋಪಿಯು ಕಾದ ನದಿ ಯಾವುದು, ಅಲ್ಲಿ ಏನು ನಡೆಯಿತು ಎಂಬುದನ್ನು ವಿಚಾರಿಸಿದವರು ಕಡಮೆ.

ಸ್ಲಿಮ್ ಅವರು ಈ ಫೌಜಿಗೆ ಕೊಡುವ ಸ್ಥಳ ಬಲು ಸ್ವಲ್ಪ. ಪಗಾನ್‌ನ ದಡದಿಂದ ಬಿಳಿಯ ಬಾವುಟದ ದೋಣಿಯೊಂದು ಈಚೆಗೆ ಬಂದುದನ್ನೂ, ಅಲ್ಲಿನ ಫೌಜಿನವರು ಶರಣಾಗತರಾದುದನ್ನೂ, ಸಿಖ್ ಪಟಾಲಮು ಸುಲಭವಾಗಿ ದಾಟಿದುದನ್ನೂ ಹೇಳಿ, ತುಸು ವ್ಯಂಗ್ಯ ಬೆರೆಸಿ ಅವರು ಮುಗಿಸಿಬಿಡುತ್ತಾರೆ. ಶರಣಾಗತಿ ನಡೆದುದು ನಿಜ. ಆದರೆ ನ್ಯಾಂಗುವಿನ ಬಳಿ ಬೆಳಗಿನ ಬೆಳಕಿನಲ್ಲಿ ದೋಣಿಗಳನ್ನು ಹಿಮ್ಮೆಟ್ಟಿಸಿದ ಗುಂಡಿನಲ್ಲಿ ಫೌಜಿನವರದೂ ಪಾಲಿತ್ತೆಂದು ಧಿಲ್ಲೋನರ ಪಕ್ಷದ ವೃತ್ತಾಂತ ಹೇಳುತ್ತದೆ. ಪೀಟರ್ ವಾರ್ಡ್ ಫೇ ಅವರು ೧೯೯೩ರಲ್ಲಿ ಪ್ರಕಟಿಸಿದ ‘ದಿ ಫರ್ಗಾಟನ್ ಆರ್ಮಿ’ ಎಂಬ ಗ್ರಂಥದಲ್ಲಿ ಈ ದಡದ ಕಥೆಯನ್ನು ಆದರದಿಂದ ಕೇಳಿಸಿಕೊಂಡಿದ್ದಾರೆ. ಫಿರಂಗಿಯಿಲ್ಲ, ತಂತಿಬೇಲಿಯಿಲ್ಲ, ಮೈಲಿಗಟ್ಟಲೆ ದಡಕ್ಕೆ ಕೆಲವೇ ಮೆಷಿನ್‌ಗನ್ನುಗಳು. ಕಾಯುವವರ ಸ್ಥಿತಿಯೂ ಹೀಗಿತ್ತು.

ಇಲ್ಲಿ ವಿಮರ್ಶಕನು ಎರಡು ಕಡೆಯ ಜಾರುವ ದಾರಿಗಳನ್ನು ಗಮನಿಸಬೇಕು. ಸ್ಲಿಮ್ ಅವರ ಮಾತನ್ನೇ ಹಿಡಿದರೆ ಫೌಜು ಕಥೆಯಲ್ಲಿ ಒಂದು ನಗೆಹನಿಯಾಗುತ್ತದೆ. ಅಭಿಮಾನಿಗಳ ಮಾತನ್ನೇ ಹಿಡಿದರೆ ದೋಣಿಗಳನ್ನು ಹಿಂದಿರುಗಿಸಿದ ಕೀರ್ತಿಯೆಲ್ಲ ಫೌಜಿಗೇ ಸೇರುತ್ತದೆ. ಸಾಕ್ಷ್ಯವನ್ನು ತೂಗಿದರೆ ಎರಡೂ ನಿಲ್ಲುವುದಿಲ್ಲ. ದೋಣಿಗಳು ಗುಂಡಿನ ಎದುರಿಗೆ ಸಿಕ್ಕಿದುದಕ್ಕೆ ಕಾರಣ ಯಂತ್ರ ಕೆಟ್ಟುದು, ಪ್ರವಾಹ ಎಳೆದುದು, ಬೆಳಕಾದುದು. ಸಿಕ್ಕಿದ ಮೇಲೆ ಗುಂಡು ಹಾರಿಸಿದವರು ದಡವನ್ನು ಬಿಟ್ಟು ಓಡದೆ ನಿಂತವರು. ಯಂತ್ರಶಿಲ್ಪದ ಸೋಲೊಂದು, ಕಾವಲುಗಾರನ ಸ್ಥೈರ್ಯವೊಂದು, ಎರಡೂ ಕೂಡಿ ಆ ಬೆಳಗಿನ ಫಲವಾಯಿತು. ಎರಡರಲ್ಲಿ ಒಂದನ್ನು ಬಿಟ್ಟರೂ ಆ ಬೆಳಗು ಅರ್ಥವಾಗುವುದಿಲ್ಲ.

ಸ್ಲಿಮ್ ಅವರ ಮನೋಧರ್ಮ ತಿಳಿಯದ್ದೇನೂ ಅಲ್ಲ. ಭಾರತೀಯ ಸಿಪಾಯಿಯನ್ನು ಅವರು ಮನಃಪೂರ್ವಕವಾಗಿ ಪ್ರೀತಿಸಿದ ಅಧಿಕಾರಿ. ಗೂರ್ಖಾ ಪಟಾಲಮಿನಲ್ಲಿ ಬೆಳೆದವರು. ಪ್ರಮಾಣವಚನವನ್ನು ಮುರಿದು ಎದುರು ಪಕ್ಷ ಸೇರಿದವನನ್ನು ಅಂಥವರು ಕ್ಷಮಿಸಲಾರರು. ಆದರೆ ಸಿಂಗಾಪುರದಲ್ಲಿ ೧೯೪೨ರ ಫೆಬ್ರವರಿಯಲ್ಲಿ ಸೆರೆಸಿಕ್ಕಿದ ಆ ಸಿಪಾಯಿಗಳ ಮುಂದೆ ಇದ್ದ ಪ್ರಶ್ನೆ ಬರಿಯ ಪ್ರಮಾಣವಚನದ್ದಾಗಿರಲಿಲ್ಲ. ಹಸಿವು, ದೇಶಭಕ್ತಿ, ಭಯ, ಸ್ನೇಹ ಇವು ಒಬ್ಬೊಬ್ಬನಲ್ಲಿ ಒಂದೊಂದು ಪ್ರಮಾಣದಲ್ಲಿ ಕೆಲಸ ಮಾಡಿದುವು. ಪಗಾನ್‌ನಲ್ಲಿ ಬಿಳಿಯ ಬಾವುಟ ಹಿಡಿದವರೂ ನ್ಯಾಂಗುವಿನಲ್ಲಿ ಗುಂಡು ಹಾರಿಸಿದವರೂ ಒಂದೇ ರೆಜಿಮೆಂಟಿನವರೆಂಬುದೇ ಇದಕ್ಕೆ ಸಾಕ್ಷಿ. ಇದನ್ನು ಸೇನಾನಿಯು ಬಿಡಬಹುದು. ಚರಿತ್ರಕಾರನು ಬಿಡಲಾಗದು.

೬

ಮುಂದಿನ ಕಥೆ ಸರ್ವವಿದಿತ. ಹದಿನೇಳನೆಯ ಡಿವಿಜನ್ನು ತೆಪ್ಪಗಳ ಮೇಲೆ ಟ್ಯಾಂಕುಗಳೊಡನೆ ದಾಟಿ ಫೆಬ್ರವರಿ ೨೧ರಂದು ಮೈಕ್‌ಟಿಲಾದ ಕಡೆ ಹೊರಟಿತು. ಮಾರ್ಚಿಯ ಮೊದಲ ವಾರದಲ್ಲಿ ಆ ಊರು ಬಿದ್ದಿತು. ಮಾರ್ಚಿ ೨೦ರಂದು ಮಾಂಡಲೆಯೂ, ಮೇ ತಿಂಗಳ ಮೊದಲ ದಿನಗಳಲ್ಲಿ ರಂಗೂನೂ ಕೈಸೇರಿದುವು. ನ್ಯಾಂಗುವಿನ ಬೆಳಗಿನ ಸೋಲು ಈ ಗೆಲುವಿನ ಕೆಳಗೆ ಮುಚ್ಚಿಹೋಯಿತು.

ಈ ವಿಮರ್ಶೆಯ ಉದ್ದೇಶ ಸ್ಲಿಮ್ ಅವರ ಗ್ರಂಥವನ್ನು ಕೆಳಗಿಳಿಸುವುದಲ್ಲ. ಅದನ್ನು ಓದದೆ ಬರ್ಮಾದ ಯುದ್ಧವನ್ನು ಕುರಿತು ಮಾತಾಡುವುದು ಅವಿವೇಕ. ನದಿಯನ್ನು ದಾಟುವುದೆಂದರೆ ಮರ, ಸೆಣಬು, ರಸ್ತೆ, ಮಳೆ, ಯಂತ್ರ, ಕಾಲ ಇವುಗಳ ಲೆಕ್ಕವೆಂಬುದನ್ನು ಅದು ನಮಗೆ ಕಲಿಸುತ್ತದೆ. ನಾವು ಹೇಳುವುದು ಇಷ್ಟೆ: ಅದು ಕಲಿಸಿದ ಲೆಕ್ಕವನ್ನು ಅದರ ಮೇಲೆಯೇ ಪ್ರಯೋಗಿಸಿ ಓದಬೇಕು. ಗೆಲುವಿನ ಪಕ್ಕದಲ್ಲಿ ಅದರ ಬೆಲೆಯನ್ನು, ಮುಖ್ಯ ಇಂಜಿನಿಯರನ ಪಕ್ಕದಲ್ಲಿ ಸ್ಯಾಪರನನ್ನು, ಈಚೆಯ ದಡದ ಪಕ್ಕದಲ್ಲಿ ಆಚೆಯ ದಡವನ್ನು ಇಟ್ಟು ಓದಬೇಕು.

ನಮ್ಮ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಕೆಲಸ ಕಾದಿದೆ. ಆ ಯುದ್ಧಕ್ಕೆ ಹೋಗಿ ಬಂದವರು ಈಗ ಬಹುತೇಕ ಇಲ್ಲವಾಗಿದ್ದಾರೆ. ಆದರೆ ಅವರ ಬಿಡುಗಡೆಯ ಪತ್ರಗಳು, ಪಿಂಚಣಿಯ ಪುಸ್ತಕಗಳು, ಪದಕಗಳು ಕೋಲಾರ, ಬೆಂಗಳೂರು, ಕೊಡಗುಗಳ ಮನೆಗಳ ಪೆಟ್ಟಿಗೆಗಳಲ್ಲಿ ಇನ್ನೂ ದೊರೆಯಬಹುದು. ಮೊಮ್ಮಕ್ಕಳನ್ನು ಕೇಳಿ, ಆ ಕಾಗದಗಳ ಮೇಲಿನ ದಳದ ಸಂಖ್ಯೆಯನ್ನು ಅಧಿಕೃತ ಚರಿತ್ರೆಯ ಸಂಪುಟಗಳೊಡನೆ ತಾಳೆನೋಡಿದರೆ, ಯಾವ ಊರಿನವನು ಯಾವ ನದಿಯಲ್ಲಿ ನಿಂತಿದ್ದನೆಂಬುದನ್ನು ಇಂದಿಗೂ ಗೊತ್ತುಮಾಡಬಹುದು. ಸೀಸರನ ಸೇತುವೆಯ ಕಂಬಗಳನ್ನು ನೆಟ್ಟವರ ಹೆಸರು ಎರಡು ಸಾವಿರ ವರ್ಷಗಳ ಹಿಂದೆಯೇ ಹೋಯಿತು, ಅದನ್ನು ಇನ್ನು ತರಲಾಗುವುದಿಲ್ಲ. ಕಲೇವಾದ ಸೇತುವೆಯನ್ನು ಕಟ್ಟಿದವರ ಹೆಸರು ಇನ್ನೂ ಪೂರ್ತಿಯಾಗಿ ಹೋಗಿಲ್ಲ.